ಅಪ್ಪನ ಮೈಲುತುತ್ತು, ನನ್ನ ಎಕ್ಸೆಲ್ ಶೀಟು

ನಮ್ಮ ಕಾಲೇಜಿನಲ್ಲಿ ‘ಪ್ಲೇಸ್‌ಮೆಂಟ್’ ಅನ್ನೋ ಪದಕ್ಕೆ ಇರೋದು ಒಂದೇ ಅರ್ಥ. ಯಾವ ಕಂಪನಿ, ಎಷ್ಟು ರೌಂಡು, ಎಷ್ಟು ಲಕ್ಷ. ಹಾಗಾಗಿ ಕಳೆದ ವರ್ಷ ಎರಡನೇ ಸೆಮ್ ಪರೀಕ್ಷೆ ಮುಗಿಯೋ ಹೊತ್ತಿಗೆ ಕ್ಲಾಸ್ ಗ್ರೂಪಿಗೆ ಬಂದ ಇನ್ನೊಂದು ಥರದ ಪ್ಲೇಸ್‌ಮೆಂಟ್ ನೋಟಿಸನ್ನು ಯಾರೂ ಸರಿಯಾಗಿ ಓದಲೇ ಇಲ್ಲ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಆರು ವಾರದ ತರಬೇತಿ, ವಿಷಯ ‘ಕಂಪ್ಯೂಟೇಶನಲ್ ಟಾಕ್ಸಿಕಾಲಜಿ ಮತ್ತು ರಾಸಾಯನಿಕ ಸುರಕ್ಷತೆಯ ಡೇಟಾ’. ಅರವತ್ತು ಜನರ ಗ್ರೂಪಿನಲ್ಲಿ ಒಂದು ಥಂಬ್ಸ್ ಅಪ್ ಕೂಡ ಬೀಳಲಿಲ್ಲ. ಅದರ ಕೆಳಗೇ ಬಂದ, ನಾವೇ ದುಡ್ಡು ಕಟ್ಟಬೇಕಾದ ಆನ್‌ಲೈನ್ ಇಂಟರ್ನ್‌ಶಿಪ್‌ಗೆ ಮಾತ್ರ ಸಾಲುಗಟ್ಟಿ ಹೆಸರು ಬಿದ್ದವು.

ನಾನು ಅರ್ಜಿ ಹಾಕಿದ್ದು ಏನೋ ದೊಡ್ಡ ಉದ್ದೇಶದಿಂದ ಅಲ್ಲ. ನೋಟಿಸಿನ ಕೊನೆಯಲ್ಲಿ ‘ಮೆಷಿನ್ ಲರ್ನಿಂಗ್‌ನಲ್ಲಿ ಆಸಕ್ತಿ ಇದ್ದರೆ ಒಳ್ಳೆಯದು’ ಅಂತ ಇತ್ತು. ರೆಸ್ಯೂಮೆಯಲ್ಲಿ ಒಂದು ಎಂಎಲ್ ಪ್ರಾಜೆಕ್ಟ್ ಸೇರುತ್ತೆ ಅನ್ನೋ ಆಸೆ ಅಷ್ಟೇ. ಬೇರೆ ಯಾರೂ ಅರ್ಜಿ ಹಾಕದ್ದರಿಂದ ನನಗೇ ಸಿಕ್ಕಿತು.

ಆರು ವಾರ ಮುಗಿಸಿ ಬಂದ ಮೇಲೆ ನನಗೊಂದು ಅಭಿಪ್ರಾಯ ಗಟ್ಟಿಯಾಗಿದೆ. ಮೊದಲೇ ಹೇಳಿಬಿಡ್ತೀನಿ. ನಾವು ‘ಡೇಟಾ ಕ್ಲೀನಿಂಗ್’ ಅಂತ ಮೂಗು ಮುರಿಯೋ ಕೆಲಸ ಇದೆಯಲ್ಲ, ಒಂದು ರಾಸಾಯನಿಕ ಸುರಕ್ಷಿತವೋ ಅಲ್ಲವೋ ಅನ್ನೋದರಲ್ಲಿ ಅರ್ಧ ತೀರ್ಮಾನ ಅಲ್ಲೇ ಆಗಿಹೋಗುತ್ತೆ. ಮಾಡೆಲ್ ಬರೋದು ಆಮೇಲೆ. ಆ ಟೇಬಲ್ ಮುಂದೆ ಕೂತಿರೋರಿಗೆ ತೋಟದಲ್ಲಿ, ಹೊಲದಲ್ಲಿ ಏನು ನಡೆಯುತ್ತೆ ಅಂತ ಗೊತ್ತಿಲ್ಲದಿದ್ದರೆ ತಪ್ಪಾಗುತ್ತೆ. ಅದಕ್ಕೇ ಅಲ್ಲಿ ನಮ್ಮಂಥವರು ಕೂತಿರಬೇಕು.

ಮೊದಲ ದಿನ ಹೋದಾಗ ಜಿಪಿಯು, ನ್ಯೂರಲ್ ನೆಟ್‌ವರ್ಕ್ ಅಂತೆಲ್ಲ ಕನಸು ಕಟ್ಟಿಕೊಂಡಿದ್ದೆ. ಗೈಡ್ ಮೇಡಂ ಒಂದು ಎಕ್ಸೆಲ್ ಫೈಲ್ ಕೊಟ್ಟರು. ಸಾವಿರಾರು ಸಾಲು. ರಾಸಾಯನಿಕದ ಹೆಸರು, ಒಂದು ನಂಬರ್, ಯಾವ ಪ್ರಾಣಿಯ ಮೇಲೆ ಪರೀಕ್ಷೆ, ಎಷ್ಟು ಪ್ರಮಾಣ, ಏನು ಪರಿಣಾಮ. ಬೇರೆ ಬೇರೆ ಕಡೆಯಿಂದ ಒಟ್ಟು ಮಾಡಿದ್ದು. ‘ಇದನ್ನ ಸರಿ ಮಾಡು’ ಅಂದರು. ‘ಆಮೇಲೆ ಮಾಡೆಲ್ ಮಾಡೋದಾ ಮೇಡಂ?’ ಅಂದೆ. ‘ಮೊದಲು ಇದು ಮುಗೀಲಿ ನೋಡೋಣ’ ಅಂದರು. ಆ ರಾತ್ರಿ ಪಿಜಿಗೆ ಬಂದು ಗೆಳತಿಗೆ ಫೋನ್ ಮಾಡಿ ಅತ್ತಿದ್ದೆ. ‘ಡೇಟಾ ಎಂಟ್ರಿ ಕೆಲಸಕ್ಕೆ ಇಂಜಿನಿಯರಿಂಗ್ ಯಾಕೇ ಬೇಕು?’ ಅಂತ ಅವಳೂ ಉಪ್ಪು ಸವರಿದಳು.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಟಾಕ್ಸಿಕಾಲಜಿ ಅಂದರೆ ವಿಷಗಳ ಅಧ್ಯಯನ. ಹಿಂದಿನಿಂದ ನಡೆದುಬಂದ ದಾರಿ ಅಂದರೆ ಇಲಿ, ಮೊಲಗಳಿಗೆ ರಾಸಾಯನಿಕ ಕೊಟ್ಟು ನೋಡೋದು. ನೂರು ಇಲಿಗಳಲ್ಲಿ ಐವತ್ತು ಸಾಯೋಕೆ ಬೇಕಾದ ಪ್ರಮಾಣಕ್ಕೆ ಎಲ್‌ಡಿ50 ಅಂತ ಹೆಸರು. 1927ರಲ್ಲಿ ಟ್ರೆವನ್ ಅನ್ನೋ ಬ್ರಿಟಿಷ್ ವಿಜ್ಞಾನಿ ತಂದ ಅಳತೆ ಅದು. ಇಂಥ ಪರೀಕ್ಷೆಗೆ ದುಡ್ಡು ಬೇಕು, ವರ್ಷಗಟ್ಟಲೆ ಸಮಯ ಬೇಕು, ಪ್ರಾಣಿಗಳ ಜೀವವೂ ಹೋಗುತ್ತೆ. ರಾಸಾಯನಿಕಗಳೋ ಲೆಕ್ಕವಿಲ್ಲದಷ್ಟು. ಅಮೆರಿಕ 1976ರಲ್ಲಿ ವಿಷ ಪದಾರ್ಥಗಳ ನಿಯಂತ್ರಣಕ್ಕೆ ಕಾನೂನು ತಂದಾಗ ಆಗಲೇ ಮಾರುಕಟ್ಟೆಯಲ್ಲಿದ್ದ ಸುಮಾರು 62,000 ರಾಸಾಯನಿಕಗಳನ್ನು ಹೊಸದಾಗಿ ಪರೀಕ್ಷೆ ಮಾಡಿಸದೆ ಹಾಗೇ ಮುಂದುವರಿಯೋಕೆ ಬಿಟ್ಟಿತು.

2007ರಲ್ಲಿ ಅಲ್ಲಿನ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಒಂದು ವರದಿ ಕೊಟ್ಟಿತು. ಇಡೀ ಪ್ರಾಣಿಯ ಬದಲು ಮನುಷ್ಯರ ಜೀವಕೋಶಗಳ ಮೇಲೆ, ರೋಬೋಟ್ ಬಳಸಿ, ಸಾವಿರಾರು ರಾಸಾಯನಿಕಗಳನ್ನು ಬೇಗ ಬೇಗ ಪರೀಕ್ಷಿಸಿ, ಉಳಿದದ್ದನ್ನು ಕಂಪ್ಯೂಟರ್‌ನಿಂದ ಅಂದಾಜು ಮಾಡೋಣ ಅನ್ನೋದು ಅದರ ಸಾರ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಅದೇ ವರ್ಷ ಟಾಕ್ಸ್‌ಕಾಸ್ಟ್ ಅನ್ನೋ ಯೋಜನೆ ಶುರು ಮಾಡಿತು. ಮರುವರ್ಷ ಬೇರೆ ಸಂಸ್ಥೆಗಳೂ ಸೇರಿ ಟಾಕ್ಸ್21 ಆಯಿತು. ಅದರ ರೋಬೋಟ್ ಬಳಸೋ ಪ್ಲೇಟಿನಲ್ಲಿ 1536 ಪುಟ್ಟ ಗುಳಿಗಳಿರುತ್ತವೆ. ಒಂದೊಂದರಲ್ಲೂ ಒಂದೊಂದು ಪರೀಕ್ಷೆ. ಈ ಡೇಟಾ ಎಲ್ಲ ಪುಕ್ಕಟೆ, ನೀವು ಈಗಲೇ ಡೌನ್‌ಲೋಡ್ ಮಾಡಬಹುದು. ಇಪಿಎ ನಡೆಸೋ ಕಾಂಪ್‌ಟಾಕ್ಸ್ ಡ್ಯಾಶ್‌ಬೋರ್ಡಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ರಾಸಾಯನಿಕಗಳ ಪುಟಗಳಿವೆ.

ಈಗ ನನ್ನ ಎಕ್ಸೆಲ್ ಶೀಟಿಗೆ ಬರೋಣ. ಅದರಲ್ಲಿದ್ದ ನಂಬರ್ ಅಂದೆನಲ್ಲ, ಅದಕ್ಕೆ ಸಿಎಎಸ್ ನಂಬರ್ ಅಂತಾರೆ. ರಾಸಾಯನಿಕದ ಆಧಾರ್ ಕಾರ್ಡ್ ಅಂದುಕೊಳ್ಳಿ. ಅಡಿಕೆ ತೋಟದಲ್ಲಿ ಬೇರುಹುಳಕ್ಕೆ ಹಾಕೋ ಕ್ಲೋರ್‌ಪೈರಿಫಾಸ್‌ದು 2921-88-2. ಕೊನೆಯ ಆ 2 ಸುಮ್ಮನೆ ಇಟ್ಟಿದ್ದಲ್ಲ. ಅದನ್ನು ಬಿಟ್ಟು ಉಳಿದ ಅಂಕಿಗಳನ್ನು ಬಲದಿಂದ ಎಡಕ್ಕೆ 1, 2, 3 ಅಂತ ಗುಣಿಸುತ್ತಾ ಹೋಗಿ. 8×1, 8×2, 1×3, 2×4, 9×5, 2×6. ಕೂಡಿದರೆ 92. ಕೊನೆಯ ಅಂಕಿ 2. ಹೊಂದಿತು! ಟೈಪ್ ಮಾಡುವಾಗ ಯಾರಾದರೂ ಒಂದಂಕಿ ತಪ್ಪಿಸಿದರೆ ಹೆಚ್ಚಿನ ಸಲ ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ. ಪೈಥಾನ್‌ನಲ್ಲಿ ನಾಲ್ಕು ಸಾಲಿನ ಕೋಡ್. ಓಡಿಸಿದೆ. ರಾಶಿ ತಪ್ಪು ಸಿಕ್ಕವು. ಕೆಲವು ಕಡೆ ಎಕ್ಸೆಲ್ ಮಹಾಶಯ ನಂಬರನ್ನೇ ದಿನಾಂಕ ಅಂದುಕೊಂಡು ತಿಂಗಳು, ತಾರೀಖು ಮಾಡಿಟ್ಟಿದ್ದ. ಇದೇನು ಹೊಸ ಕಾಯಿಲೆಯಲ್ಲ. ಎಕ್ಸೆಲ್ ಹೀಗೆ ಮಾಡುತ್ತೆ ಅಂತಲೇ 2020ರಲ್ಲಿ ವಿಜ್ಞಾನಿಗಳು ಮನುಷ್ಯರ ಕೆಲವು ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯಿತು.

ಎರಡನೇ ವಾರಕ್ಕೆ ನನಗೆ ಹುರುಪು ಬಂತು. ಒಂದೇ ರಾಸಾಯನಿಕ ಬೇರೆ ಬೇರೆ ಹೆಸರಲ್ಲಿ ಬಂದಿದ್ದರೆ ಒಂದು ಮಾಡೋ ಸ್ಕ್ರಿಪ್ಟ್ ಬರೆದೆ. ಕಾಪರ್ ಸಲ್ಫೇಟ್, ಕ್ಯುಪ್ರಿಕ್ ಸಲ್ಫೇಟ್, ಬ್ಲೂ ವಿಟ್ರಿಯಾಲ್, ಕಾಪರ್ ಸಲ್ಫೇಟ್ ಪೆಂಟಾಹೈಡ್ರೇಟ್. ಹಿಂದಿನ ಬಾಲಗಳನ್ನೆಲ್ಲ ಕತ್ತರಿಸಿ, ಎಲ್ಲ ಒಂದೇ ಅಂತ ಸೇರಿಸಿ, ಡೂಪ್ಲಿಕೇಟ್ ಅಳಿಸಿದೆ. ಸಾಲುಗಳು ಸರಸರ ಕಡಿಮೆಯಾದವು. ಖುಷಿಯಿಂದ ಮೇಡಂಗೆ ತೋರಿಸಿದೆ.

ಮೇಡಂ ಸ್ಕ್ರಾಲ್ ಮಾಡ್ತಾ ಅಲ್ಲೇ ನಿಂತರು. ‘ನಿಮ್ಮದು ಸಾಗರದ ಕಡೆ ಅಲ್ವಾ? ತೋಟಕ್ಕೆ ಕೊಳೆ ಔಷಧಿ ಹೊಡೀತಾರಾ?’

‘ಹೌದು ಮೇಡಂ, ಬೋರ್ಡೋ.’

‘ಅದಕ್ಕೆ ಹಾಕೋ ಮೈಲುತುತ್ತು ಯಾವ ಬಣ್ಣ?’

‘ನೀಲಿ.’

‘ನೀರು ಪೂರ್ತಿ ತೆಗೆದ ಕಾಪರ್ ಸಲ್ಫೇಟ್ ಯಾವ ಬಣ್ಣ?’

ಪಿಯುಸಿ ಲ್ಯಾಬ್ ನೆನಪಾಯಿತು. ಬಿಳಿ. ಕಾಯಿಸಿದರೆ ನೀಲಿ ಹರಳು ಬಿಳಿ ಪುಡಿಯಾಗುತ್ತೆ, ನೀರು ಹಾಕಿದರೆ ಮತ್ತೆ ನೀಲಿ. ನಾವೆಲ್ಲ ಮಾಡಿರೋ ಪ್ರಯೋಗವೇ.

ನೀಲಿ ಹರಳಿನಲ್ಲಿ ಒಂದು ಕಾಪರ್ ಸಲ್ಫೇಟ್ ಜೊತೆ ಐದು ನೀರಿನ ಅಣು ಇರುತ್ತೆ. ಅದರ ಅಣುತೂಕ 249.7, ಬಿಳಿಯದ್ದು 159.6. ಬಿಳಿಯದ್ದು 7758-98-7, ನೀಲಿಯದ್ದು 7758-99-8, ಹೀಗೆ ಸಿಎಎಸ್ ನಂಬರೂ ಬೇರೆ ಬೇರೆ. ಒಂದು ಕಿಲೋ ನೀಲಿಯಲ್ಲಿ ತಾಮ್ರ ಇರೋದು ಸುಮಾರು 255 ಗ್ರಾಂ, ಒಂದು ಕಿಲೋ ಬಿಳಿಯಲ್ಲಿ ಸುಮಾರು 400 ಗ್ರಾಂ. ಅಂದರೆ ಒಂದೂವರೆ ಪಟ್ಟು ವ್ಯತ್ಯಾಸ. ಯಾವುದೋ ಪ್ರಯೋಗದಲ್ಲಿ ‘ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ ಕೊಟ್ಟರೆ ಅಪಾಯ’ ಅಂತ ಬಿಳಿಯದರ ಬಗ್ಗೆ ಬರೆದದ್ದನ್ನು ನೀಲಿಗೆ ಅಂಟಿಸಿದರೆ, ಅಥವಾ ನೀಲಿಯದನ್ನು ಬಿಳಿಗೆ ಅಂಟಿಸಿದರೆ ಲೆಕ್ಕವೇ ತಲೆಕೆಳಗು. ನಾನು ಮಾಡಿದ್ದು ಅದನ್ನೇ. ನನ್ನ ಕೋಡ್‌ನಲ್ಲಿ ಒಂದು ಎರರ್ ಕೂಡ ಬಂದಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಊರಲ್ಲಿ ಎರಡನೇ ಸುತ್ತಿನ ಔಷಧಿ ಹೊಡೆಯೋ ಕಾಲ. ಅಡಿಕೆ ಬೆಳೆಯೋರ ಮನೆಯ ಮಕ್ಕಳಿಗೆ ಗೊತ್ತು, ಮಳೆ ಹಿಡಿಯೋ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೊನೆಗೌಡರು ಮರ ಹತ್ತಿ ಮೇಲಿಂದ ಹೊಡೀತಾರೆ, ಕೆಳಗೆ ನಿಂತು ಪೈಪ್ ಎಳೆಯೋರ ತಲೆ ಮೇಲೆ ಎಲ್ಲ ನೀಲಿ ಮಳೆ. ಚಿಕ್ಕವಳಿದ್ದಾಗ ಅಪ್ಪನ ಹಳೇ ಅಂಗಿಯ ಆ ನೀಲಿ ಕಲೆ ನೋಡಿ ಪೇಂಟ್ ಅಂದುಕೊಳ್ತಿದ್ದೆ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ‘ವಿಷದ ಬಗ್ಗೆ ಕಂಪ್ಯೂಟರಲ್ಲಿ ಏನು ಓದ್ತೀಯೇ ಪುಟ್ಟಿ?’ ಅಂತ ಅವರಿಗೆ ಮೊದಲಿಂದಲೂ ಆಶ್ಚರ್ಯ. ನನ್ನ ತಪ್ಪು ಹೇಳಿದೆ. ಅವರು ನಕ್ಕರು. ‘ನಾವೂ ಸುಮ್ನೆ ಹೊಡೆಯಲ್ಲ ಮಾರಾಯ್ತಿ. ಕಲಸಿದ ಮೇಲೆ ಕತ್ತಿ ಅದ್ದಿ ನೋಡ್ತೀವಿ. ಕತ್ತಿ ಕೆಂಪಾದ್ರೆ ಸುಣ್ಣ ಸಾಲಲ್ಲ ಅಂತ ಅರ್ಥ. ಹಂಗೇ ಹೊಡೆದ್ರೆ ಗೊನೆ ಸುಟ್ಟುಹೋಗತ್ತೆ.’ ಸುಣ್ಣದ ಜೊತೆ ಸೇರದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂರುತ್ತೆ, ಅದಕ್ಕೇ ಕೆಂಪು. ಇಂಗ್ಲಿಷ್ ಮೀಡಿಯಂನಲ್ಲಿ ಹನ್ನೆರಡು ವರ್ಷ ಓದಿ ‘ಡಿಸ್‌ಪ್ಲೇಸ್‌ಮೆಂಟ್ ರಿಯಾಕ್ಷನ್’ ಬಾಯಿಪಾಠ ಮಾಡಿದವಳು ನಾನು. ಅಪ್ಪ ಪ್ರತಿ ವರ್ಷ ಅದನ್ನೇ ಕತ್ತಿ ಹಿಡಿದು ಮಾಡ್ತಿದ್ದರು. ನಾನು ಯಾವತ್ತೂ ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಸಿಎಎಸ್ ನಂಬರಿನ ಕೊನೆಯ ಅಂಕಿ ನಮಗೆ ಹೇಗೋ ಅಪ್ಪನಿಗೆ ಆ ಕತ್ತಿ ಹಾಗೆ.

ಆದರೆ ನನಗೆ ನಿಜವಾಗಿ ಮುಜುಗರ ಆಗಿದ್ದು ನಾಲ್ಕನೇ ವಾರ. ಕೊನೆಗೂ ಮಾಡೆಲ್‌ಗೆ ಡೇಟಾ ತಯಾರು ಮಾಡೋ ಹಂತ ಬಂತು. ಇಂಥ ಮಾಡೆಲ್‌ಗಳು ಅಣುವಿನ ರಚನೆ ನೋಡಿ ವಿಷ ಊಹಿಸ್ತವೆ. ಅವಕ್ಕೆ ಬೇಕಿರೋದು ಒಂಟಿ ಸಾವಯವ ಅಣು, ಅಂದರೆ ಕಾರ್ಬನ್ ಇರೋ ಅಣು. ಹಾಗಾಗಿ ಮಿಶ್ರಣಗಳನ್ನೂ ಲೋಹದ ಲವಣಗಳನ್ನೂ ತೆಗೆದುಹಾಕೋದು ಈ ಕ್ಷೇತ್ರದಲ್ಲಿ ಎಲ್ಲರೂ ಪಾಲಿಸೋ ಕ್ರಮ. ಫಿಲ್ಟರ್ ಬರೆದೆ, ಓಡಿಸಿದೆ. ಎರಡು ವಾರ ಕೂತು ಬಿಡಿಸಿದ್ದ ನೀಲಿ, ಬಿಳಿ ಕಾಪರ್ ಸಲ್ಫೇಟ್ ಎರಡೂ ಒಂದೇ ಸಾಲಿನ ಕೋಡ್‌ಗೆ ಹೊರಗೆ ಹೋದವು. ಅಪ್ಪ, ಕೊನೆಗೌಡರು, ನೀಲಿ ಅಂಗಿ, ಯಾವುದೂ ಆ ಮಾಡೆಲ್‌ನ ಲೆಕ್ಕದಲ್ಲೇ ಇಲ್ಲ. ಮಾಡೆಲ್ ಎಷ್ಟೇ ಚೆನ್ನಾಗಿ ಓಡಿದರೂ ನಮ್ಮೂರಲ್ಲಿ ಅತಿ ಹೆಚ್ಚು ಹೊಡೆಯೋ ಔಷಧಿ ಬಗ್ಗೆ ಅದಕ್ಕೆ ಹೇಳೋಕೆ ಏನೂ ಇಲ್ಲ.

ಇದು ಆ ಕ್ರಮದ ತಪ್ಪು ಅಂತ ನಾನು ಹೇಳ್ತಿಲ್ಲ. ಗೊತ್ತಿಲ್ಲದ ವಿಷಯಕ್ಕೆ ಉತ್ತರ ಕೊಡದ ಮಾಡೆಲ್ ಒಳ್ಳೆಯ ಮಾಡೆಲ್. ನನ್ನ ತಕರಾರು ಏನಂದ್ರೆ, ಹೊರಗೆ ಹಾಕಿದ್ದರ ಪಟ್ಟಿಯನ್ನು ಯಾರೂ ಇಡೋದಿಲ್ಲ. ರಿಪೋರ್ಟಿನಲ್ಲಿ ‘ಡೇಟಾ ಪ್ರೀಪ್ರೊಸೆಸಿಂಗ್ ಮಾಡಲಾಯಿತು’ ಅಂತ ಒಂದು ಸಾಲು, ಅಷ್ಟೇ. ಮೇಡಂ ಹೇಳಿದ್ದಕ್ಕೆ ನಾನು ತೆಗೆದ ಪ್ರತಿ ಸಾಲನ್ನೂ ಇನ್ನೊಂದು ಶೀಟಿಗೆ ಹಾಕಿ, ಯಾಕೆ ತೆಗೆದೆ ಅಂತ ಪಕ್ಕದಲ್ಲಿ ಬರೆದೆ. ಆರು ವಾರದಲ್ಲಿ ನಾನು ಮಾಡಿದ ಅತ್ಯಂತ ಉಪಯೋಗದ ಕೆಲಸ ಅದೇ ಅಂತ ಈಗಲೂ ಅನ್ನಿಸುತ್ತೆ.

ಈಗ ಮಾಡೆಲ್ ಹುಚ್ಚಿನ ಬಗ್ಗೆ. ನಮ್ಮಲ್ಲಿ ಎಂಎಲ್ ಕಲಿಯೋರಿಗೆ ಟಾಕ್ಸ್21 ಹೆಸರು ಗೊತ್ತಿರಬಹುದು. 2014ರಲ್ಲಿ ಅದರ ಡೇಟಾ ಇಟ್ಟುಕೊಂಡು ಒಂದು ಸ್ಪರ್ಧೆ ನಡೆದಿತ್ತು, ಹನ್ನೆರಡು ಪರೀಕ್ಷೆಗಳ ಫಲಿತಾಂಶ ಊಹಿಸಬೇಕಿತ್ತು. ಆಸ್ಟ್ರಿಯಾದ ಲಿಂಜ್ ವಿಶ್ವವಿದ್ಯಾಲಯದ ತಂಡ ಡೀಪ್ ಲರ್ನಿಂಗ್‌ನಿಂದ ಗೆದ್ದಿತು. ಇವತ್ತಿಗೂ ಮಿನಿ ಪ್ರಾಜೆಕ್ಟ್‌ಗೆ ಈ ಡೇಟಾ ತಗೊಂಡು ‘ಅಕ್ಯುರೆಸಿ 96 ಪರ್ಸೆಂಟ್’ ಅಂತ ಸ್ಲೈಡ್ ಹಾಕೋರಿದ್ದಾರೆ. ಈ ಡೇಟಾದ ಕೆಲವು ಪರೀಕ್ಷೆಗಳಲ್ಲಿ ಪರಿಣಾಮ ತೋರಿಸಿದ ರಾಸಾಯನಿಕಗಳು ನೂರಕ್ಕೆ ಐದಕ್ಕಿಂತ ಕಡಿಮೆ. ನೂರರಲ್ಲಿ ನಾಲ್ಕು ಅಂದುಕೊಳ್ಳಿ. ನಾನು ಒಂದು ಸಾಲಿನ ‘ಮಾಡೆಲ್’ ಬರೀತೀನಿ, ಏನೇ ಕೊಟ್ಟರೂ ‘ಅಪಾಯವಿಲ್ಲ’ ಅನ್ನುತ್ತೆ. ಅದರ ಅಕ್ಯುರೆಸಿಯೂ 96! ಹಿಡಿಯಬೇಕಾಗಿದ್ದ ನಾಲ್ಕನ್ನೂ ಬಿಟ್ಟಿತು, ಆದರೂ ಸ್ಲೈಡ್ ಚೆನ್ನಾಗಿರುತ್ತೆ. ಸಿನಿಮಾ ರೆಕಮೆಂಡೇಶನ್‌ನಲ್ಲಿ ತಪ್ಪಾದರೆ ಒಂದು ಸಂಜೆ ಹಾಳು. ಇಲ್ಲಿ ತಪ್ಪಾದರೆ?

ಅದಕ್ಕೆ ಉತ್ತರ ನಮ್ಮ ಹತ್ತಿರದಲ್ಲೇ ಇದೆ. ಕಾಸರಗೋಡಿನ, ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಮಕ್ಕಳು ಅಂಗವಿಕಲರಾಗಿ ಹುಟ್ಟುತ್ತಿದ್ದಾರೆ ಅಂತ ಕೊಕ್ಕಡ, ಪಟ್ರಮೆ ಸುತ್ತಲಿನ ಜನ ಕೂಗಿ ಹೇಳಿದರೂ ‘ಸಂಬಂಧ ಇದೆ ಅನ್ನೋದಕ್ಕೆ ಸಾಕ್ಷಿ ಎಲ್ಲಿ?’ ಅನ್ನೋ ವಾದ ವರ್ಷಗಟ್ಟಲೆ ನಡೆಯಿತು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ದೇಶದಲ್ಲಿ ತಡೆ ಹಾಕಿತು. ಸಂತ್ರಸ್ತರಿಗೆ ಸರ್ಕಾರ ಮಾಸಾಶನ ಕೊಡ್ತಿದೆ. ಇದನ್ನು ಡೇಟಾ ಭಾಷೆಯಲ್ಲಿ ಹೇಳೋದಾದರೆ, ಟೇಬಲ್‌ನಲ್ಲಿ ಒಂದು ಕೋಶ ಖಾಲಿ ಇತ್ತು, ಅದನ್ನು ಸೊನ್ನೆ ಅಂತ ಓದಿದರು. ಖಾಲಿಗೂ ಸೊನ್ನೆಗೂ ಇರೋ ವ್ಯತ್ಯಾಸ ನಮಗೆ ಪೈಥಾನ್ ಕ್ಲಾಸಿನ ಮೊದಲ ತಿಂಗಳಲ್ಲೇ ಹೇಳಿಕೊಡ್ತಾರೆ. ‘ಗೊತ್ತಿಲ್ಲ’ ಅನ್ನೋ ಜಾಗಕ್ಕೆಲ್ಲ ಸೊನ್ನೆ ತುಂಬೋ ಆ ಒಂದು ಸಾಲಿನ ಕಮಾಂಡ್ ಇದೆಯಲ್ಲ, ಅದನ್ನು ಹಾಕೋ ಮುಂಚೆ ನಾನೀಗ ಎರಡು ನಿಮಿಷ ಯೋಚನೆ ಮಾಡ್ತೀನಿ.

ಇನ್ನೊಂದು ಉದಾಹರಣೆ ನಿಮ್ಮ ಮನೆಯ ಅಟ್ಟದ ಮೇಲೇ ಇರಬಹುದು. ಕೀಟನಾಶಕದ ಡಬ್ಬದ ಮೇಲೆ ವಜ್ರದ ಆಕಾರದ ಒಂದು ಗುರುತು ಇರುತ್ತೆ, ಅದರ ಕೆಳಗಿನ ಅರ್ಧದಲ್ಲಿ ಬಣ್ಣ. ಕೆಂಪು, ಹಳದಿ, ನೀಲಿ, ಹಸಿರು. ಅದು 1968ರ ಕೀಟನಾಶಕ ಕಾಯ್ದೆಯ ಕೆಳಗೆ 1971ರಲ್ಲಿ ಬಂದ ನಿಯಮ. ಬಣ್ಣ ನಿರ್ಧಾರ ಆಗೋದು ಎಲ್‌ಡಿ50 ಮೇಲೆ. ಬಾಯಿಂದ ಒಳಗೆ ಹೋದಾಗ ದೇಹದ ಒಂದು ಕಿಲೋ ತೂಕಕ್ಕೆ 50 ಮಿಲಿಗ್ರಾಂವರೆಗೆ ಆದರೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದಕ್ಕೂ ಮೇಲಾದರೆ ಹಸಿರು. ನಮ್ಮೂರಲ್ಲಿ ‘ಹಸಿರು ಇದ್ರೆ ಏನೂ ಆಗಲ್ಲ’ ಅನ್ನೋದು ಎಲ್ಲರ ನಂಬಿಕೆ. ನನ್ನದೂ ಅದೇ ಆಗಿತ್ತು. ಆದರೆ ಎಲ್‌ಡಿ50 ಹೇಳೋದು ಒಂದೇ ಸಲ ಒಳಗೆ ಹೋದರೆ ಸಾಯ್ತಾರಾ ಅಂತ. ಹತ್ತು ವರ್ಷ ಸ್ವಲ್ಪ ಸ್ವಲ್ಪ ಮೈ ಮೇಲೆ ಬಿದ್ದರೆ ಏನಾಗುತ್ತೆ, ಹೊಟ್ಟೆಯಲ್ಲಿರೋ ಮಗುವಿಗೆ ಏನಾಗುತ್ತೆ ಅಂತ ಆ ಬಣ್ಣ ಹೇಳೋದೇ ಇಲ್ಲ. ಟಾಕ್ಸ್‌ಕಾಸ್ಟ್ ಥರದ ಯೋಜನೆಗಳು ಹಾರ್ಮೋನ್, ಜೀವಕೋಶ ಅಂತ ನೂರಾರು ಬೇರೆ ಬೇರೆ ಪರೀಕ್ಷೆ ಮಾಡೋದು ಇಂಥ ಪ್ರಶ್ನೆಗಳಿಗೆ ಸುಳಿವು ಹುಡುಕೋಕೆ.

ಇಷ್ಟು ಹೇಳಿದ ಮೇಲೂ ನನ್ನ ಸೀನಿಯರ್ ಒಬ್ಬರು ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, ‘ಕ್ಲೀನಿಂಗ್ ಎಲ್ಲ ಈಗ ಎಐ ಮಾಡುತ್ತಲ್ಲ?’ ಮಾಡುತ್ತೆ, ನಾನೂ ಪ್ರಯತ್ನ ಮಾಡಿದೆ. ನನ್ನ ಕಾಪರ್ ಸಲ್ಫೇಟ್ ಸಾಲುಗಳನ್ನು ಒಂದು ಚಾಟ್‌ಬಾಟ್‌ಗೆ ಕೊಟ್ಟೆ. ಅದೂ ನನ್ನ ಥರಾನೇ ಎಲ್ಲ ಒಂದೇ ಅಂತ ಸೇರಿಸಿತು. ‘ನೀರಿನ ಅಣು ಇರೋದು ಬೇರೆ ಅಲ್ವಾ?’ ಅಂದೆ. ‘ನೀವು ಹೇಳಿದ್ದು ಸರಿ, ಕ್ಷಮಿಸಿ’ ಅಂತು. ಕೇಳೋಕೆ ಗೊತ್ತಿದ್ದವರಿಗೆ ಮಾತ್ರ ಅದು ಕ್ಷಮೆ ಕೇಳುತ್ತೆ.

ಎರಡನೆಯದು, ‘ಇದೆಲ್ಲ ಅಮೆರಿಕದ ವಿಷಯ, ನಮಗೆ ಅವಕಾಶ ಎಲ್ಲಿದೆ?’ ಇದು ಒಪ್ಪಬೇಕಾದ ಮಾತು. ಈ ವಿಷಯದಲ್ಲಿ ತರಬೇತಿ ಹುಡುಕಿದರೆ ಮೊದಲು ಸಿಗೋದು ಅಲ್ಲಿನ ಓಕ್ ರಿಡ್ಜ್ ಸಂಸ್ಥೆಯ ಮೂಲಕ ಬರೋ ಇಪಿಎ ಫೆಲೋಶಿಪ್‌ಗಳು. ಬಹುಪಾಲು ಅಲ್ಲಿನ ನಾಗರಿಕರಿಗೆ, ಖಾಯಂ ನಿವಾಸಿಗಳಿಗೆ ಮಾತ್ರ. ಆದರೆ ಅವರ ಡೇಟಾ ಎಲ್ಲರಿಗೂ ಸಿಗುತ್ತೆ, ಅದನ್ನು ನೋಡಿ ಕಲಿಯೋಕೆ ವೀಸಾ ಬೇಡ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಈ ಕೆಲಸ ಮಾಡ್ತಿದ್ದ ಇಪಿಎಯ ಸಂಶೋಧನಾ ವಿಭಾಗವನ್ನೇ ಮುಚ್ಚುವುದಾಗಿ 2025ರ ಜುಲೈನಲ್ಲಿ ಆ ಸಂಸ್ಥೆ ಪ್ರಕಟಿಸಿತು. ಬೇರೆಯವರ ಅಂಗಳದ ಬಾವಿಯನ್ನೇ ನಂಬಿ ಎಷ್ಟು ದಿನ ಕೂರೋದು? ಅವರ ಟೇಬಲ್‌ನಲ್ಲಿ ಅವರ ಊರಿನ ಪ್ರಶ್ನೆಗಳಿಗೆ ಮೊದಲ ಜಾಗ. ಅಡಿಕೆ ಮರದ ಕೆಳಗೆ ಪೈಪ್ ಎಳೆಯೋರ ಲೆಕ್ಕ ನಾವೇ ಇಡಬೇಕು.

ಹಾಗಾದರೆ ನಾವು ಏನು ಮಾಡಬಹುದು? ಮೂರು ಮಾತು ಹೇಳ್ತೀನಿ.

ಒಂದು, ಮುಂದಿನ ಸಲ ಇಂಥ ನೋಟಿಸ್ ಬಂದಾಗ ಅರ್ಜಿ ಹಾಕಿ. ಸಿಎಸ್‌ನವರು ಒಬ್ಬರೇ ಹೋಗಬೇಡಿ, ಕೆಮಿಕಲ್ ಅಥವಾ ಬಯೋಟೆಕ್ ಗೆಳೆಯರನ್ನೂ ಎಳೆದುಕೊಂಡು ಹೋಗಿ. ನನ್ನ ಜೊತೆ ಅಂಥವರೊಬ್ಬರು ಇದ್ದಿದ್ದರೆ ಕಾಪರ್ ಸಲ್ಫೇಟ್ ತಪ್ಪು ಮೊದಲ ದಿನವೇ ಸಿಗ್ತಿತ್ತು.

ಎರಡು, ಇಂಟರ್ನ್‌ಶಿಪ್ ಮೌಲ್ಯಮಾಪನ ಮಾಡೋ ಅಧ್ಯಾಪಕರಲ್ಲಿ ಒಂದು ವಿನಂತಿ. ನನ್ನ ವೈವಾದಲ್ಲಿ ಕೇಳಿದ ಮೊದಲ ಪ್ರಶ್ನೆ ‘ಮಾಡೆಲ್ ಯಾವುದು, ಅಕ್ಯುರೆಸಿ ಎಷ್ಟು?’ ತೆಗೆದ ಸಾಲುಗಳ ಶೀಟ್ ತೋರಿಸೋಕೆ ಹೋದರೆ ‘ಅದು ಬಿಡಮ್ಮ’ ಅಂದರು. ದಯವಿಟ್ಟು ಆ ಶೀಟಿಗೂ ಮಾರ್ಕ್ಸ್ ಇಡಿ. ಮಾರ್ಕ್ಸ್ ಇದ್ದ ಕಡೆ ನಾವು ತಾನಾಗೇ ಹೋಗ್ತೀವಿ, ನಿಮಗೂ ಗೊತ್ತು.

ಮೂರನೆಯದು ನಮ್ಮ ಕನ್ನಡ ಸಂಘಕ್ಕೆ. ಹಾವೇರಿಯ ನನ್ನ ರೂಮ್‌ಮೇಟ್ ಒಮ್ಮೆ ‘ನಮ್ಮಪ್ಪ ಹತ್ತಿಗೆ ಎಣ್ಣಿ ಹೊಡಿಯಾಕ ಹೋಗ್ಯಾರ’ ಅಂದಾಗ ಬೆಂಗಳೂರಿನ ಗೆಳತಿ ಬೆಚ್ಚಿಬಿದ್ದಿದ್ದಳು. ಅವಳಿಗೆ ಎಣ್ಣೆ ಅಂದರೆ ಬೇರೇನೇ! ಉತ್ತರ ಕರ್ನಾಟಕದಲ್ಲಿ ಕೀಟನಾಶಕಕ್ಕೆ ಎಣ್ಣಿ, ನಮ್ಮ ಕಡೆ ಔಷಧಿ, ಕರಾವಳಿಯಲ್ಲಿ ಮದ್ದು. ಯೋಚನೆ ಮಾಡಿ, ವಿಷಕ್ಕೆ ನಾವು ಇಟ್ಟಿರೋ ಹೆಸರು ಔಷಧಿ, ಮದ್ದು. ಯಾರಾದರೂ ಹುಷಾರು ತಪ್ಪಿ ಆಸ್ಪತ್ರೆಗೆ ಹೋದಾಗ ಡಾಕ್ಟರ್ ‘ಯಾವ ಔಷಧಿ?’ ಅಂದರೆ ಮನೆಯವರು ‘ಅದೇ, ಹುಳದ ಔಷಧಿ’ ಅಂತಾರೆ. ಆ ಹೆಸರಿಂದ ಸಿಎಎಸ್ ನಂಬರ್‌ವರೆಗೆ ದಾರಿ ಇಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಎಷ್ಟೊಂದು ಜಿಲ್ಲೆಯವರು ಇದ್ದೀವಿ. ಪ್ರತಿಯೊಬ್ಬರೂ ಊರಿನ ಹೆಸರು, ಡಬ್ಬದ ಮೇಲಿರೋ ರಾಸಾಯನಿಕದ ಹೆಸರು, ಅದರ ಸಿಎಎಸ್ ನಂಬರ್, ತ್ರಿಕೋನದ ಬಣ್ಣ, ಯಾವ ಬೆಳೆಗೆ, ಇಷ್ಟನ್ನು ಒಂದು ಶೀಟಿಗೆ ಹಾಕಿದರೆ ಕನ್ನಡದಲ್ಲೊಂದು ಪಟ್ಟಿ ಆಗುತ್ತೆ. ಸಂಘದಲ್ಲಿ ರಾಜ್ಯೋತ್ಸವಕ್ಕೆ ಡಾನ್ಸ್, ನಾಟಕ ಎಲ್ಲ ಇರಲಿ. ಕನ್ನಡ ಗೊತ್ತಿರೋ ಇಂಜಿನಿಯರ್‌ಗಳು ಮಾತ್ರ ಮಾಡಬಹುದಾದ ಕೆಲಸವೂ ಒಂದಿರಲಿ.

ನಾನು ಒಂದು ಖಾಲಿ ಶೀಟ್ ಮಾಡಿಟ್ಟಿದ್ದೀನಿ. ಮೊದಲ ಸಾಲು ತುಂಬಿದ್ದೀನಿ: ಮೈಲುತುತ್ತು, ಕಾಪರ್ ಸಲ್ಫೇಟ್ ಪೆಂಟಾಹೈಡ್ರೇಟ್, 7758-99-8, ಅಡಿಕೆ, ಕೊಳೆರೋಗ. ಈ ಸಲ ರಜೆಗೆ ಊರಿಗೆ ಹೋದಾಗ ಅಟ್ಟದ ಮೇಲೆ, ಪಂಪ್‌ಹೌಸಿನ ಮೂಲೆಯಲ್ಲಿ ಇರೋ ಡಬ್ಬದ ಫೋಟೋ ತಗೊಂಡು ಬನ್ನಿ. ಮುಟ್ಟಿದ ಮೇಲೆ ಕೈ ತೊಳ್ಕೊಳ್ಳಿ. ಶೀಟಿನಲ್ಲಿ ಎಷ್ಟು ಕೋಶ ಖಾಲಿ ಉಳಿದರೂ ಪರವಾಗಿಲ್ಲ, ಸೊನ್ನೆ ಮಾತ್ರ ತುಂಬಬೇಡಿ.